ನಿಯೆ ಡಾಕ್ಟರ ಕೆಂಪು ಗುರುತುಗಳು

ಮಾರ್ಚ್ 3, ಬೆಳಗ್ಗೆ 7

ಹಂದಿ ಕಣ್ಣು ತಂದೆ. ಹನ್ನೆರಡರಲ್ಲಿ ಎರಡು ಒಡೆದಿದ್ದವು. ಮಾಂಸದಂಗಡಿಯವನ ಜೊತೆ ಜಗಳ. ಉಳಿದವು ಫ್ರಿಜ್ಜಿಗೆ. ಕಣ್ಣಾಸ್ಪತ್ರೆಯ ತರಬೇತಿ ಕೋಣೆ ಒರೆಸಿದೆ. ಯಂತ್ರದ ಪ್ಲಾಸ್ಟಿಕ್ ತಲೆಯ ಧೂಳನ್ನೂ. ಡಾಕ್ಟರುಗಳು ಮೊದಲು ಆ ತಲೆಯ ಮೇಲೇ ಪೊರೆ ತೆಗೆದು ಕಲಿಯಬೇಕು, ಆಮೇಲೆ ಹಂದಿ ಕಣ್ಣು, ಆಮೇಲೆ ಮನುಷ್ಯರು. ಸರಿ ಮಾಡಿದರೆ ಪರದೆಯಲ್ಲಿ ಹಸಿರು ಗುರುತು, ತಪ್ಪಿದರೆ ಕೆಂಪು. ನಾನು ಓದಿದ್ದು ಮೂರನೇ ಕ್ಲಾಸು. ಬಣ್ಣ ಗೊತ್ತಾಗುತ್ತದೆ, ಅಷ್ಟು ಸಾಕು.

ಮಾರ್ಚ್ 6

ನಮ್ಮ ಯಜಮಾನರ ಬಲಗಣ್ಣಿನ ಪೊರೆ ತೆಗೆಯಲು ದಿನ ಕೊಟ್ಟರು— ಇಪ್ಪತ್ತಾರು. ಮಾಡುವವರು ನಿಯೆ ಡಾಕ್ಟರ್. ಇನ್ನೂ ಹುಡುಗಿ! ಡಾಕ್ಟರುಗಳಿಗೆ ಕಲಿಸುವ ಕ್ವಾಂಗ್ ಮೇಷ್ಟ್ರು ಪಕ್ಕದಲ್ಲಿ ಕೂತಿರುತ್ತಾರಂತೆ. ಕೂತರೆ ಕೈ ಅವರದಾಗುತ್ತದೆಯೇ?

ಮೂವತ್ತನಾಲ್ಕು ವರ್ಷ ಪಿಂಗಾಣಿ ಬಟ್ಟಲಿಗೆ ನೀಲಿ ಗೆರೆ ಎಳೆದ ಕಣ್ಣು. ಈಗ ಗೆರೆ ಎರಡೆರಡು ಕಾಣುತ್ತದೆ. ಕಾರ್ಖಾನೆಯವರು ಇವರನ್ನು ಬಟ್ಟಲಿಗೆ ಹುಲ್ಲು ಸುತ್ತಿ ಪ್ಯಾಕ್ ಮಾಡುವ ಕಡೆ ಕೂರಿಸಿದ್ದಾರೆ. ಕಣ್ಣು ಸರಿಹೋದರೆ ಕುಂಚ ವಾಪಸ್, ಇಲ್ಲದಿದ್ದರೆ ಹುಲ್ಲೇ ಗತಿ.

“ಯಾರು ಮಾಡಿದ್ರೇನೇ? ನೀನೇನು ಪೊಲೀಸಾ?” ಅಂದರು ಇವರು.

ಹೌದು. ಪೊಲೀಸೇ.

ಮಾರ್ಚ್ 9

ಎಣಿಸಿದೆ. ಯಂತ್ರ ಅಚ್ಚು ಹಾಕಿದ ಹಾಳೆಗಳಲ್ಲಿ ನಿಯೆ ಡಾಕ್ಟರದು ಕೆಂಪು ಹನ್ನೊಂದು. ಎಲ್ಲವೂ ಒಂದೇ ಕಡೆ— ಪೊರೆಯ ಹಿಂದಿನ ತೆಳು ಚೀಲ ಹರಿದದ್ದು. ಚಿತ್ರ ನೋಡಿದರೇ ತಿಳಿಯುತ್ತದೆ. ಅವಳ ಜೊತೆ ಕಲಿಯುವ ತಾವ್ ಡಾಕ್ಟರದು ಸೊನ್ನೆ. ಹಸಿರೋ ಹಸಿರು.

ಮಾರ್ಚ್ 10

ಇವತ್ತು ಇನ್ನೂ ನಾಲ್ಕು ಕೆಂಪು! ಎಲ್ಲರೂ ಊಟಕ್ಕೆ ಹೋದ ಮೇಲೆ ನಿಯೆ ಡಾಕ್ಟರ್ ಒಬ್ಬಳೇ ಬಾಗಿಲು ಹಾಕಿಕೊಂಡು ಕೂತಿದ್ದಳು. ನಾನು ಬಕೆಟ್ ಹಿಡಿದು ಒಳಗೆ ಹೋದೆ. ತಟ್ಟನೆ ಪರದೆ ಆರಿಸಿದಳು.

“ಊಟ ಆಯ್ತಾ ಚಿಕ್ಕಮ್ಮ?” ನಗು ಬೇರೆ. ಆಸ್ಪತ್ರೆಗೆಲ್ಲ ನಾನು ಚಿಕ್ಕಮ್ಮನೇ.

ಏನು ಮುಚ್ಚಿಡುತ್ತಿದ್ದಾಳೆ? ಯಾರಿಗೂ ಗೊತ್ತಿಲ್ಲವೋ... ಎಲ್ಲರಿಗೂ ಗೊತ್ತಿದ್ದೂ ಸುಮ್ಮನಿದ್ದಾರೋ?

ಮಾರ್ಚ್ 16

ನಿದ್ದೆ ಇಲ್ಲ. ಕಚೇರಿಗೆ ಹೋಗಿ ಸುಳ್ಳು ಹೇಳಿಬಿಟ್ಟೆ— ನಮ್ಮ ಯಜಮಾನರು ಹಳೇ ಕಾಲದವರು, ಹೆಣ್ಣು ಡಾಕ್ಟರು ಬೇಡ ಅನ್ನುತ್ತಾರೆ ಅಂತ. ಗುಮಾಸ್ತೆ ಬಾಯಿ ಸೊಟ್ಟ ಮಾಡಿದಳು. ಆದರೂ ನಿಯೆ ಹೆಸರು ಹೊಡೆದುಹಾಕಿ ತಾವ್ ಅಂತ ಬರೆದಳು.

ಮಧ್ಯಾಹ್ನ ಮೆಟ್ಟಿಲ ಹತ್ತಿರ ನಿಯೆ ಡಾಕ್ಟರ್ ಎದುರಾದಳು. “ಚಿಕ್ಕಪ್ಪಂಗೆ ನನ್ ಮೇಲೆ ಮುನಿಸಾ?”

“ಅವ್ರ ಸ್ವಭಾವಾನೇ ಹಾಗಮ್ಮ.”

ನೆಲ ಒರೆಸುತ್ತಲೇ ಇದ್ದೆ. ಒರೆಸಿದ್ದ ಕಡೆಯೇ ಮತ್ತೆ ಒರೆಸಿದೆ.

ಮಾರ್ಚ್ 25, ಸಂಜೆ

ಕ್ವಾಂಗ್ ಮೇಷ್ಟ್ರು ಹೊಸಬರಿಗೆ ಯಂತ್ರ ತೋರಿಸುತ್ತಿದ್ದರು. ನಾನು ಕಿಟಕಿ ಒರೆಸುತ್ತಿದ್ದೆ. ನಿಯೆ ಡಾಕ್ಟರ ಹಾಳೆ ಎತ್ತಿ ಹಿಡಿದರು.

“ಈ ಕೆಂಪು ನೋಡಿ ನಗಬೇಡಿ. ಚೀಲ ಹರಿಯೋ ಹಾಗೆ ಇವಳೇ ಯಂತ್ರಕ್ಕೆ ಹೇಳಿರ್ತಾಳೆ. ಹರಿದ ಮೇಲೆ ಕಣ್ಣು ಉಳಿಸೋದು ಹೇಗೆ— ಅದು ಇವಳ ಪಾಠ. ನಲವತ್ತು ಸಲ ಮಾಡಿದ್ದಾಳೆ.”

ಒಬ್ಬ ಕೇಳಿದ, “ತಾವ್ ಅಣ್ಣಂದು ಒಂದೂ ಇಲ್ವಲ್ಲ ಸರ್?”

“ಅವನು ಆ ಪಾಠ ತೆಗೆದೇ ಇಲ್ಲ. ಹಾಳೆ ಕೊಳೆಯಾಗುತ್ತಲ್ಲ! ನಾಳೆ ನಿಜವಾಗ್ಲೂ ಹರಿದ್ರೆ ಅವನ ಕೈ ಏನು ಮಾಡುತ್ತೋ, ಅವನಿಗೂ ಗೊತ್ತಿಲ್ಲ.”

ನಾಳೆ. ನಾಳೆ ಇವರದೇ ಕಣ್ಣು.

ಮೇಷ್ಟ್ರು ಅವಳ ಮಾನ ಉಳಿಸಲು ಹಾಗೆಂದರೋ? ಹಾಗಾದರೆ ಪರದೆ ಆರಿಸಿದ್ದು ಯಾಕೆ?

ಮಾರ್ಚ್ 26, ಬೆಳಗ್ಗೆ 9.40

ಆಪರೇಷನ್ ಕೋಣೆಯ ಹೊರಗೆ ಬೆಂಚು. ನಡೆದದ್ದು ಬರೆದಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಬೇಕು. ನರ್ಸ್ ಪೆನ್ನು ಕೊಟ್ಟಳು. ಹಿಡಿಯಲಿಲ್ಲ. ಮೇಷ್ಟ್ರು, ತಾವ್, ನಿಯೆ ಮೂವರ ಎದುರಿಗೇ ಹೇಳಿಬಿಟ್ಟೆ— ಹಾಳೆ ಕದ್ದು ನೋಡಿದ್ದು, ಹೆಣ್ಣು ಡಾಕ್ಟರು ಬೇಡ ಅಂದದ್ದು ನನ್ನ ಸುಳ್ಳು, ನಿಯೆ ಡಾಕ್ಟರೇ ಬೇಕು.

ತಾವ್ ಡಾಕ್ಟರ ಮುಖ ಕೆಂಪಗಾಯಿತು. “ಕಸ ಗುಡಿಸೋರು ಈಗ ಪರೀಕ್ಷೆ ಪೇಪರೂ ತಿದ್ದುತ್ತಾರಾ?” ಅಂದು ಹೊರಟುಹೋದ.

ನಿಯೆ ಡಾಕ್ಟರ್ ಸಿಟ್ಟಾಗಲಿಲ್ಲ. “ಪರದೆ ಆರಿಸಿದ್ದು ನಾಚಿಕೆಗೆ ಚಿಕ್ಕಮ್ಮ. ನಂದೂ ಗ್ಯಾರಂಟಿ ಇಲ್ಲ. ನಲವತ್ತರಲ್ಲಿ ಮೂವತ್ತೊಂದು ಕಣ್ಣು ಉಳಿಸ್ದೆ.”

“ಮಿಕ್ಕ ಒಂಬತ್ತು?”

“ಒಂಬತ್ತೂ ನೆನಪಿದೆ. ಎಲ್ಲಿ ಕೈ ತಪ್ಪಿತು ಅಂತ ಒಂದೊಂದೂ ಹೇಳ್ತೀನಿ, ಕೇಳ್ತೀರಾ?”

ಗಾಲಿ ಮಂಚದಿಂದ ಇವರು ಗದರಿದರು. “ಕೆಟ್ಟ ಬಟ್ಟಲು ನೆನಪಿಟ್ಟುಕೊಳ್ಳೋರಿಗೇ ನಾನು ಕುಂಚ ಕೊಡೋದು. ಸಹಿ ಹಾಕೇ ಮಾರಾಯ್ತಿ!”

ಹಾಕಿದೆ. ಸೊಟ್ಟಗೆ ಬಂತು.

10.15

ಇಪ್ಪತ್ತು ನಿಮಿಷ ಅಂದಿದ್ದರು. ಮೂವತ್ತೈದಾಯಿತು. ಚೀಲ ಹರಿಯಿತೋ... ನಾನೇ ಆರಿಸಿದ ಕೈ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ ಈಗ.

ಬಾಗಿಲು ತೆರೆಯಿತು. ನಿಯೆ ಡಾಕ್ಟರ್. ಮುಖಗವಸು ಇನ್ನೂ ಬಿಚ್ಚಿಲ್ಲ, ಕಣ್ಣಷ್ಟೇ ಕಾಣುತ್ತಿದೆ, ನನ್ನ ಕಡೆಗೇ ಬರುತ್ತಿದ್ದಾಳೆ. ಪೆನ್ನು ಇಡುತ್ತೇನೆ.