ನೆರಳಲ್ಲಿ ಮಂಕಾದ ಗಟ್ಟಿ

ಅಕ್ಕಸಾಲಿ ಭಾವನವರಿಗೆ ನಮಸ್ಕಾರ.

ಗೆದ್ದುಬಿಟ್ಟ ಭಾವ, ನಮ್ಮಪ್ಪ ಗೆದ್ದುಬಿಟ್ಟ! ಆಯಸ್ಸೆಲ್ಲ ಹೊಳೆಯ ಮರಳು ಜಾಲಿಸಿ ಬರೀ ಚಿನ್ನದ ಪುಡಿ ಕಂಡವನಿಗೆ, ಕಣ್ಣು ಹೋದ ಮೇಲೆ, ಉಗುರಿನಷ್ಟು ಅಗಲದ ಗಟ್ಟಿ ಕೈಗೆ ಸಿಕ್ಕಿತು. “ಹೊಳೀತದೇನೋ?” ಅಂದ. ಬಿಸಿಲಲ್ಲಿ ಹೊಳೆಯುತ್ತಿತ್ತು, ಹೌದೆಂದೆ. ಮನೆಯೊಳಗೆ ತಂದರೆ ಮಂಕಾಯಿತು. ನೆರಳಲ್ಲೂ ಹೊಳೆಯುವುದೇ ಚಿನ್ನ ಅಂತ ನನಗೆ ಕಲಿಸಿದವನೇ ಅವನು. ಅವನಿಗೆ ಹೇಗೆ ಹೇಳಲಿ? ಚಿನ್ನವೇ ಅಂತ ಕುಣಿದುಬಿಟ್ಟೆ.

ಈಗ ಹಾಸಿಗೆ ಹಿಡಿದಿದ್ದಾನೆ. ಡಾಕ್ಟರು ಕೈಚೆಲ್ಲಿದ್ದಾರೆ. “ಅಳಿಯಂದ್ರು ಬಂದು ಸುತ್ತಿಗೇಲಿ ತಟ್ಲಿ. ಚಿನ್ನವಾದ್ರೆ ಚಪ್ಪಟೆಯಾಗ್ತದೆ, ಸುಳ್ಳಾದ್ರೆ ಪುಡಿಯಾಗ್ತದೆ. ನಿನ್ನ ನಾಟಕ ನಾನು ನಂಬಲ್ಲ,” ಅನ್ನುತ್ತಾನೆ.

ಅದಕ್ಕೇ ಸೆರಗೊಡ್ಡಿ ಬೇಡುತ್ತೇನೆ, ಸೆರಗಿಲ್ಲದಿದ್ದರೂ! ಬರುವಾಗ ಅಷ್ಟೇ ಗಾತ್ರದ ಸೀಸದ ಚೂರು ಜೇಬಿನಲ್ಲಿರಲಿ. ಗಟ್ಟಿಯ ಬದಲು ಅದನ್ನೇ ತಟ್ಟಿ, ಚಪ್ಪಟೆಯಾದದ್ದನ್ನು ಅಪ್ಪನ ಅಂಗೈಗಿಡಿ. ನೀವು ಬಾಯಿಬಿಟ್ಟು ಸುಳ್ಳಾಡುವುದು ಬೇಡ; ಬೆರಳಲ್ಲಿ ಸವರಿ ಅವನೇ ಹೇಳಲಿ.

ಅಕ್ಕ ಬಾಗಿಲಾಚೆ ನಿಲ್ಲಲಿ. ಅವಳು ಬಿಕ್ಕಿದರೂ ಅಪ್ಪನ ಕಿವಿಗೆ ಗೊತ್ತಾಗುತ್ತದೆ. ನಾನು ಜೋರಾಗಿ ಚಪ್ಪಾಳೆ ತಟ್ಟುತ್ತೇನೆ. ಆ ಹೊತ್ತಿಗೆ ನನ್ನ ಗಂಟಲನ್ನು ನಂಬುವಂತಿಲ್ಲ.

ಬೇಗ ಬನ್ನಿ.

ನಿಮ್ಮ ಗದ್ದಲದ ಭಾಮೈದ