ಬೀರು ಹಿಂದೆ ನೋಡಮ್ಮಾ

ಮಕ್ಕಳ ಚಾನೆಲ್‌ನ ಗೊಂಬೆ ಗಿಣಿರಾಯರಿಗೆ ದರ್ಜಿಯ ನಮಸ್ಕಾರ.

ನಿಮ್ಮ ಚಾನೆಲ್ ಶುರುವಾದ ಹೊಸದರಲ್ಲಿ ಬೀದಿಗೆಲ್ಲ ನಮ್ಮ ಅಂಗಡಿಯ ಟಿವಿಯೊಂದೇ. ನೀವು ಹುಟ್ಟುಹಬ್ಬದ ಶುಭಾಶಯ ಹೇಳಿ, ಹೆತ್ತವರು ಕಾಗದ ಬರೆದು ತಿಳಿಸಿದ, ಉಡುಗೊರೆ ಬಚ್ಚಿಟ್ಟ ಜಾಗವನ್ನೂ ಹೇಳಿಬಿಡುತ್ತಿದ್ದಿರಿ. ಮಕ್ಕಳು ಎದ್ದೆವೋ ಬಿದ್ದೆವೋ ಎಂದು ಮನೆಗೆ ಓಡುತ್ತಿದ್ದರು.

ಆ ಹಳೆಯ ಕಂತುಗಳನ್ನು ಈಗ ಮತ್ತೆ ಹಾಕುತ್ತಿದ್ದೀರಿ. ಮೊನ್ನೆ ಗುಂಡಿ ಹೊಲಿಯುತ್ತ ಕೂತಿದ್ದೆ. "ಚಿನಕುರಳಿ, ಬೀರು ಹಿಂದೆ ನೋಡಮ್ಮಾ!" ಅಂದಿರಿ. ಚಿನಕುರಳಿ ನನ್ನ ಮಗಳು. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಒಳಕೋಣೆಗೆ ಹೋಗಿ ನೋಡಿದೆ. ಬರೀ ಜೇಡರ ಬಲೆ. ಅರವತ್ತಕ್ಕೆ ಅರಳು ಮರಳು ಅನ್ನುವುದು ಸುಳ್ಳಲ್ಲ.

ಅವಳೀಗ ಬೇರೆ ಊರಲ್ಲಿದ್ದಾಳೆ. ದಿನಾ ನಿಮ್ಮನ್ನು ನೋಡುತ್ತಾಳೆಂದು ಅವಳ ಗೆಳತಿ ಹೇಳಿದಳು. ನಾನು ಫೋನ್ ಮಾಡಿದರೆ ಮಾತ್ರ "ಚೆನ್ನಾಗಿದ್ದೀನಪ್ಪ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾಳೆ. ಬರುವ ತಿಂಗಳು ಅವಳ ಹುಟ್ಟುಹಬ್ಬ. ದೊಡ್ಡವರಿಗೆ ಶುಭಾಶಯ ಹೇಳುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೂ, ಒಂದು ಸಲ ಅದೇ ಮಾತು ಹೇಳಿ.

ಸುಳ್ಳು ಹೇಳಿದ ಹಾಗಾಗುವುದಿಲ್ಲ. ಬೀರು ಹಿಂದೆ ಈಗ ಒಂದು ಅಂಗಿ ಇದೆ. ಅವಳ ಈಗಿನ ಅಳತೆ ನನಗೆ ಗೊತ್ತಿಲ್ಲ. ಬೇಕಾದರೆ ಬಿಚ್ಚಿ ದೊಡ್ಡದು ಮಾಡೋಣವೆಂದು ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದೇನೆ.

ಇಂತಿ,
ಚಿನಕುರಳಿಯ ಅಪ್ಪ