ಅಕ್ಟೋಬರ್ ಒಂದರ ಹುಡುಗಿ

ಆಲ್ಡಿ, ವರ್ಜೀನಿಯಾ
ಶನಿವಾರ, ೧ ಜೂನ್ ೨೦೨೪

ಮಾತೃಸಮಾನರೂ ನಿವೃತ್ತ ಮುಖ್ಯೋಪಾಧ್ಯಾಯಿನಿಯೂ ಆದ ಅತ್ತೆಯವರಿಗೆ, ಫೋನು ಎತ್ತದಿದ್ದರೂ ಕಾಗದ ಬಂದರೆ ಓದದೆ ಇರಲಾರಿರಿ ಎಂದು ನಂಬಿದ ಸೊಸೆ ಇಂದುವಿನ ಶರಣು.

ಮೊದಲಿಗೆ ನಿಮ್ಮ ಸರಕಾರಿ ಹುಟ್ಟುಹಬ್ಬದ ಶುಭಾಶಯ. ಮಾವನವರಿಗೂ ಹೇಳಿ, ಅವರದೂ ಇವತ್ತೇ. ನಿಜವಾಗಿ ನೀವು ಹುಟ್ಟಿದ್ದು ಸೀಗಿ ಹುಣ್ಣಿಮೆಯ ಆಸುಪಾಸು, ಮಾವನವರು ಹುಟ್ಟಿದ್ದು ಯಾವಾಗ ಎಂದು ಅವರ ಅವ್ವನಿಗೂ ಸರಿಯಾಗಿ ನೆನಪಿರಲಿಲ್ಲ. ಆದರೂ ಶಾಲೆಗೆ ಸೇರಿಸಿಕೊಂಡ ಮಾಸ್ತರರು ಇಬ್ಬರಿಗೂ ಜೂನ್ ಒಂದು ಎಂದು ಬರೆದರು. ವೀಸಾ ಆಫೀಸಿನ ಹುಡುಗ ನಿಮ್ಮಿಬ್ಬರ ಪಾಸ್‌ಪೋರ್ಟು ಪಕ್ಕಪಕ್ಕ ಇಟ್ಟುಕೊಂಡು, ಒಂದೇ ತಾರೀಖಿನವರನ್ನು ಹುಡುಕಿ ಮದುವೆಯಾದಿರಾ ಎಂದು ಕೇಳಿದ್ದ. ನೀವು ಮುಖ ಗಂಭೀರ ಮಾಡಿಕೊಂಡು ಹೌದು ಎಂದಿರಿ. ಆ ಕತೆ ಹೇಳಿ ನಾನು ಇಲ್ಲಿಯ ಕನ್ನಡ ಕೂಟದಲ್ಲಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎನ್ನುತ್ತೀರಿ. ಮತ್ತೇನು ಮಾಡಲಿ? ಸುಮಾರು ಒಂದು ತಿಂಗಳಿಂದ ಫೋನು ಮಾಡಿದಾಗಲೆಲ್ಲ ಸಿಗುವವರು ಮಾವನವರೇ. ಒಮ್ಮೆ ನೀವು ಜಳಕಕ್ಕೆ ಹೋಗಿದ್ದೀರಿ, ಒಮ್ಮೆ ಪೂಜೆಗೆ ಕೂತಿದ್ದೀರಿ, ಒಮ್ಮೆ ಪಕ್ಕದ ಮನೆ ಗೌರಾಬಾಯಿಯವರ ಹತ್ತಿರ. ಮೊನ್ನೆ ಒಂದೇ ದಿನ ಮೂರು ಸಲ ಮಾಡಿದೆ, ಮೂರು ಸಲವೂ ಜಳಕ. ಬೇಸಿಗೆಯಲ್ಲಿ ಅಷ್ಟು ನೀರು ತಾಳಿಕೋಟಿಗೆ ಯಾವಾಗ ಬಂತು? ನಮ್ಮ ಕೂಟದ ಶೈಲಜಾ ಆಂಟಿ ಮಂಗಳವಾರ ವಿಜಯಪುರಕ್ಕೆ ಹೊರಟಿದ್ದಾರೆ, ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಚಷ್ಮಾ ಹಾಕಿಕೊಂಡು ಪೂರ್ತಿ ಓದಬೇಕು. ಈ ತಿಂಗಳು ಮುಗಿಯುವುದರೊಳಗೆ ನಾನೊಂದು ಕೆಲಸಕ್ಕೆ ಹೂಂ ಇಲ್ಲವೇ ಊಹೂಂ ಅನ್ನಬೇಕು, ಅದು ನಿಮ್ಮ ಕೈಯಲ್ಲಿದೆ. ಹೇಗೆ ಎಂದು ಹೇಳುತ್ತೇನೆ, ನಡುವೆ ಎದ್ದು ಒಲೆ ನೋಡಲು ಹೋಗಬೇಡಿ.

ನನಗೆ ಕೆಲಸ ಮಾಡಲು ಪರವಾನಗಿ ಬಂದದ್ದು ನಿಮಗೆ ಗೊತ್ತು. ಧಾರವಾಡದಲ್ಲಿ ಪಾಠ ಮಾಡುವುದು ಬಿಟ್ಟು ಇಲ್ಲಿಗೆ ಬಂದ ಮೇಲೆ ಸೀಮೆಸುಣ್ಣ ಮುಟ್ಟಿಲ್ಲ. ಈ ಆಗಸ್ಟಿಗೆ ನಿಧಿಯನ್ನು ಶಾಲೆಗೆ ಬಿಟ್ಟು ನಾನೂ ಹೊರಗೆ ಬೀಳುವುದೆಂದು ವರ್ಷದಿಂದ ಕನಸು ಕಟ್ಟಿದ್ದೆ. ಇಲ್ಲಿಯ ಶಾಲೆಯ ಮೊದಲ ಮೆಟ್ಟಿಲಾದ ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ ಮೂವತ್ತಕ್ಕೆ ಐದು ತುಂಬಿರಬೇಕು ಎಂಬ ಕಟ್-ಆಫ್ ನಿಯಮ ಕಿವಿಗೆ ಬಿದ್ದಿತ್ತು. ನಮ್ಮ ಹುಡುಗಿ ಅಕ್ಟೋಬರ್ ಒಂದರದು. ಒಂದು ದಿನ ತಾನೇ, ಹೆಡ್‌ಮಾಸ್ತರರಿಗೆ ಹೇಳಿದರೆ ಹೊಂದಿಸಿಕೊಳ್ಳುತ್ತಾರೆ ಎಂದು ಧೈರ್ಯವಾಗಿದ್ದೆ. ನಾನು ಬೆಳೆದದ್ದು ಅಂಥ ಊರಿನಲ್ಲಿ. ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿಕೊಂಡು ನಿಧಿಗೆ ಎರಡು ಜಡೆ ಹಾಕಿ ಶಾಲೆಯ ಆಫೀಸಿಗೆ ಹೋದೆ.

ಅಲ್ಲಿ ದಾಖಲಾತಿ ನೋಡಿಕೊಳ್ಳುವ ಹೆಂಗಸು ಬಲು ಒಳ್ಳೆಯವಳು. ನಿಧಿಯ ಜಡೆ ಹೊಗಳಿದಳು, ಜನನ ಪತ್ರ ನೋಡಿ ತಾರೀಖು ಒತ್ತಿದಳು. ಕಂಪ್ಯೂಟರಿನಲ್ಲಿ ಕೆಂಪು ಅಕ್ಷರ ಮೂಡಿತು. ಅವಳ ಮುಖ ಸಪ್ಪಗಾಯಿತು. ಇದು ಶಾಲೆಯ ನಿಯಮ ಅಲ್ಲ, ಪ್ರಿನ್ಸಿಪಾಲರದೂ ಅಲ್ಲ, ರಾಜ್ಯದ ಕಾನೂನು, ಒಂದು ಗಂಟೆಯೂ ಆಚೀಚೆ ಮಾಡಲು ಬರುವುದಿಲ್ಲ ಎಂದಳು. ಹೋಳಿಗೆ ಮಾತ್ರ ಸಂತೋಷದಿಂದ ತೆಗೆದುಕೊಂಡಳು. ನಾನು ನಗುತ್ತಲೇ ಹೊರಗೆ ಬಂದೆ, ನಗುತ್ತಲೇ ನಿಧಿಗೆ ಬೆಲ್ಟ್ ಹಾಕಿದೆ, ಆಮೇಲೆ ಕಾರು ಶುರು ಮಾಡದೆ ಸ್ಟಿಯರಿಂಗ್ ಹಿಡಿದುಕೊಂಡು ಅತ್ತುಬಿಟ್ಟೆ. ನಿಮ್ಮ ಮಗನಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ನಿಮಗೆ ಇದರಲ್ಲಿ ಆಸಕ್ತಿ ಎಂದು ಗೊತ್ತಿರುವುದರಿಂದ ಬರೆಯುತ್ತೇನೆ. ಈ ದೇಶಕ್ಕೆಲ್ಲ ಸೇರಿ ಶಾಲೆಗೆ ಒಂದು ಕಾನೂನು ಇಲ್ಲ. ಇವರ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ, ಎಲ್ಲ ರಾಜ್ಯದವರಿಗೆ ಬಿಟ್ಟದ್ದು. ನದಿ ದಾಟಿದರೆ ವಾಷಿಂಗ್ಟನ್ ಊರು. ಅಲ್ಲಿರುವ ನನ್ನ ಗೆಳತಿ ಜಯಾಳ ಮಗ ಚೀಟಿ ಎತ್ತಿದಾಗ ಹೆಸರು ಬಂತೆಂದು ಮೂರು ವರ್ಷಕ್ಕೇ ಸರಕಾರಿ ಶಾಲೆ ಸೇರಿದ. ಇತ್ತ ಕೆರೊಲಿನಾದ ಶಾರ್ಲೆಟ್‌ನಲ್ಲಿ ನಿಮ್ಮ ಮಗನ ಗೆಳೆಯ ಯಶವಂತ್ ಅವರ ಮಗ ಚಿರಂತನ್, ಸೆಪ್ಟೆಂಬರ್ ನಡುವೆ ಹುಟ್ಟಿದವನು. ನಮ್ಮಲ್ಲಿದ್ದಿದ್ದರೆ ಈ ವರ್ಷ ಬಸ್ಸು ಹತ್ತುತ್ತಿದ್ದ, ಅಲ್ಲಿ ಆಗಸ್ಟ್ ಕೊನೆಗೇ ಬಾಗಿಲು ಹಾಕುತ್ತಾರೆ, ಅವನಿನ್ನೂ ಮನೆಯಲ್ಲೇ. ಅಟ್ಲಾಂಟಾದವರದು ಸೆಪ್ಟೆಂಬರ್ ಒಂದು. ಮಗು ಅದೇ, ಗಡಿ ದಾಟಿದಂತೆ ದೊಡ್ಡದೂ ಆಗುತ್ತದೆ, ಚಿಕ್ಕದೂ ಆಗುತ್ತದೆ. ಹಾಗಂತ ಬರೀ ಬೈಯಲಾರೆ. ಇವತ್ತು ಬೇಡ ಎಂದ ಅದೇ ಕಾನೂನು ಮುಂದಿನ ವರ್ಷ ಡೊನೇಷನ್ ಕೇಳದೆ, ಇಂಟರ್‌ವ್ಯೂ ಮಾಡದೆ, ಮನೆಯ ತಿರುವಿಗೆ ಹಳದಿ ಬಸ್ಸು ಕಳಿಸುತ್ತದೆ.

ಆ ಸಂಜೆ ನಿಮಗೆ ಫೋನು ಮಾಡಿ ಹೇಳಿದೆ. ನೀವು ತಟ್ಟನೆ ಕೊಟ್ಟ ಸಲಹೆ ಇನ್ನೂ ಕಿವಿಯಲ್ಲಿದೆ: "ಒಂದ್ ದಿನದ ಮಾತ್ ಏನ್ ದೊಡ್ಡದವ್ವಾ? ಮೂವತ್ತಂತ ಬರಸು. ನನಗ ನಮ್ಮ ಮಾಸ್ತರು ಬರದಿದ್ದಿಲ್ಲೇನು?" ಇಲ್ಲಿ ಆಸ್ಪತ್ರೆಯವರೇ ತಾರೀಖು ಬರೆಯುತ್ತಾರೆ, ಶಾಲೆಯವರ ಪೆನ್ನಿಗೆ ಆ ಅಧಿಕಾರವಿಲ್ಲ ಎಂದೆ. ಈಗ ನಮ್ಮ ಕಡೆಯೂ ಹಾಗೇ ಆಗಿದೆ, ಒಂದನೆಯ ತರಗತಿಗೆ ಜೂನ್ ಒಂದಕ್ಕೆ ಆರು ತುಂಬಿರಬೇಕೆಂದು ಬಿಗಿ ಮಾಡುತ್ತಿದ್ದಾರೆ, ಗೌರಾಬಾಯಿಯವರ ಮೊಮ್ಮಗನಿಗೂ ಅದೇ ತಾಪತ್ರಯ ಎಂದು ನೀವೇ ಹೇಳಿದಿರಿ. ಅಷ್ಟು ಹೊತ್ತು ಮಾತು ನೆಟ್ಟಗೆ ನಡೆದಿತ್ತು. ನಿಮ್ಮ ಮಗ ಸ್ಟರ್ಲಿಂಗ್‌ನಿಂದ ಕೆಲಸ ಮುಗಿಸಿ ಬಂದವರು ಬೂಟು ಬಿಚ್ಚುತ್ತ, "ಅವ್ವಾ, ನಿನ್ನ ರಾಹು ನಿಧೀದು ಒಂದ್ ವರ್ಷ ನುಂಗಿದ ನೋಡು" ಎಂದು ನಕ್ಕರು. ನಾನೂ ನಕ್ಕೆ. ನೀವು ಫೋನು ಮಾವನವರ ಕೈಗೆ ಕೊಟ್ಟು ಎದ್ದು ಹೋದಿರಿ. ಅವತ್ತಿನಿಂದ ನಿಮ್ಮ ಜಳಕ ಶುರುವಾಯಿತು.

ಸುಳ್ಳು ಹೇಳಲಾರೆ. ಕಾರಿನಲ್ಲಿ ಅತ್ತಾಗ ನಿಮ್ಮ ಮೇಲೂ ಸಿಟ್ಟು ಬಂದಿತ್ತು. ಎರಡು ದಿನ ಇತ್ತು, ಆಮೇಲೆ ಹೋಯಿತು. ಹೋದದ್ದು ಯಾಕೆಂದರೆ ಆ ಸೋಮವಾರ ನೆನಪಾಯಿತು.

ನಿಧಿ ಹೊಟ್ಟೆಯಲ್ಲಿ ಅಡ್ಡ ಕೂತಿದ್ದಳು, ಆಪರೇಷನ್ನೇ ಆಗಬೇಕಿತ್ತು. ಸೆಪ್ಟೆಂಬರ್ ಮೂವತ್ತು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದರು ಡಾಕ್ಟರು. ಏಳೂವರೆಯಿಂದ ಒಂಬತ್ತು ರಾಹುಕಾಲ, ಆ ಹೊತ್ತಿಗೆ ನನ್ನ ಮೊಮ್ಮಗು ಕಣ್ಣು ಬಿಡುವುದು ಬೇಡ ಎಂದಿರಿ, ಬಾಣಂತನಕ್ಕೆಂದು ಮಾವನವರೊಡನೆ ಇಲ್ಲಿಗೆ ಬಂದಿದ್ದ ನೀವು. ಲಿಂಗ ಕಟ್ಟಿಕೊಂಡವರಿಗೆ ಯಾವ ರಾಹು ಯಾವ ಕೇತು ಎಂದು ಮಾವನವರು ಕಾಡಿಸಿದರು, ನೀವು ಜಗ್ಗಲಿಲ್ಲ. ಡಾಕ್ಟರು ಪಾಪ, ಒಂದು ದಿನದಿಂದ ತೊಂದರೆಯಿಲ್ಲ ಎಂದು ಮಂಗಳವಾರ ಹತ್ತಕ್ಕೆ ಬರೆದುಕೊಂಡರು. ಹಾಗೆ ಉಳಿದ ಆ ಸೋಮವಾರ ನೀವು ನನ್ನನ್ನು ಬಾಗಿಲ ಬಿಸಿಲಿಗೆ ಕೂಡಿಸಿ ತಲೆಗೆ ಎಣ್ಣೆ ಹಚ್ಚಿದಿರಿ. ಇನ್ನು ಕೆಲವು ದಿನ ಇದಕ್ಕೆಲ್ಲ ನಿನಗೆ ಪುರುಸೊತ್ತು ಸಿಗುವುದಿಲ್ಲ ಎಂದು ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿ ತುತ್ತು ತುತ್ತಾಗಿ ಬಾಯಿಗೆ ಇಟ್ಟಿರಿ. ನನಗೆ ಆಪರೇಷನ್ನಿನ ಹೆದರಿಕೆ ಇತ್ತು, ಯಾರಿಗೂ ಹೇಳಿರಲಿಲ್ಲ, ನಿಮಗೆ ತಿಳಿದಿತ್ತು. ಆ ಒಂದು ದಿನ ಯಾವ ರಾಹುವೂ ನುಂಗಿಲ್ಲ, ಅತ್ತೆ. ಅದು ನನ್ನ ಹತ್ತಿರ ಇದೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಇಲ್ಲಿ ಪ್ರತಿ ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಒಂದು ಸ್ಕೂಲ್ ಬೋರ್ಡ್ ಇರುತ್ತದೆ, ಸದಸ್ಯರನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. ಸಭೆಯಲ್ಲಿ ಯಾರು ಬೇಕಾದರೂ ಹೆಸರು ಕೊಟ್ಟು ಒಂದೆರಡು ನಿಮಿಷ ಮಾತಾಡಬಹುದು. ನನಗೆ ಸುಮ್ಮನೆ ಕೂರಲು ಆಗಲಿಲ್ಲ. ನೀವು ಕೊಟ್ಟ ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಬರೆದುಕೊಂಡು ಹೋದದ್ದೆಲ್ಲ ಮರೆತು ರಾಹುಕಾಲದ ಕತೆಯನ್ನೇ ಹೇಳಿಬಿಟ್ಟೆ, ಡಾಕ್ಟರ ಎಂಟು ಗಂಟೆಯಿಂದ ಹಿಡಿದು ಕೆಂಪು ಅಕ್ಷರದವರೆಗೆ. ಮಗು ಬರುವ ಹೊತ್ತು ಅಜ್ಜಿ ಆರಿಸಿದ್ದು, ಶಾಲೆಗೆ ಬರುವ ಹೊತ್ತು ನೀವು ಆರಿಸಿದ್ದೀರಿ, ನಡುವೆ ನಾನು ಒಂದು ವರ್ಷ ಕೂತಿರಬೇಕು ಎಂದೆ. ಸಭೆಯೆಲ್ಲ ನಕ್ಕಿತು, ಕೊಂಕಿಲ್ಲದ ನಗು. ಅಧ್ಯಕ್ಷೆ ಮಾತ್ರ, ಈ ಕಾನೂನು ಮಾಡುವುದು ರಾಜಧಾನಿ ರಿಚ್ಮಂಡ್‌ನಲ್ಲಿ, ಅಲ್ಲಿಯ ಶಾಸಕರನ್ನು ಕೇಳಬೇಕು, ನಮ್ಮ ಕೈ ಕಟ್ಟಿದೆ ಎಂದರು.

ಸೋತು ಹೊರಗೆ ಬರುತ್ತಿದ್ದೆ. ಕಾರಿಡಾರಿನಲ್ಲಿ ಒಬ್ಬ ಎತ್ತರದ ಹೆಂಗಸು ತಡೆದು ನಿಲ್ಲಿಸಿದರು. ನೋಡಿದರೆ ನಿಧಿಗೆ ಸಿಗಬೇಕಾಗಿದ್ದ ಶಾಲೆಯ ಪ್ರಿನ್ಸಿಪಾಲರೇ. ಮಕ್ಕಳಿಗೆ ಪಾಠ ಮಾಡಿದ್ದೀರಾ ಎಂದು ಕೇಳಿದರು. ಆರು ವರ್ಷ ಎಂದೆ. ಕಿಂಡರ್‌ಗಾರ್ಟನ್‌ಗೆ ಸಹಾಯಕ ಶಿಕ್ಷಕಿಯರು ಸಿಗುತ್ತಿಲ್ಲ, ಹುಡುಕಿ ಸಾಕಾಗಿದೆ ಎಂದವರು ಆಮೇಲೆ ಹೇಳಿದ ಮಾತು ಇದು: "ನಿಮ್ಮ ಮಗಳಿಗೆ ಮುಂದಿನ ವರ್ಷ ಜಾಗ ಇದೆ. ನಿಮಗೆ ಈ ವರ್ಷವೇ ಇದೆ."

ಇಂಟರ್‌ವ್ಯೂ ಆಯಿತು, ಕಳೆದ ವಾರ ಕೆಲಸ ಕೊಟ್ಟರು. ಮಗಳಿಗೆ ಬೇಡ ಎಂದ ಕಿಂಡರ್‌ಗಾರ್ಟನ್ ತಾಯಿಗೆ ಅಡ್ಮಿಷನ್ ಕೊಟ್ಟಿದೆ. ನಿಮ್ಮ ಮಗ ಇದನ್ನು ಹರ್ನ್‌ಡನ್‌ನಿಂದ ಶುರು ಮಾಡಿ ಸ್ಟರ್ಲಿಂಗ್‌ವರೆಗೆ ಗುರುತಿದ್ದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಆಗಸ್ಟ್ ನಡುವಿಗೆ ಹಾಜರಾಗಬೇಕು. ಆಗ ನಿಧಿಯನ್ನು ಎಲ್ಲಿ ಬಿಡಲಿ? ಖಾಸಗಿ ಪ್ರಿಸ್ಕೂಲಿಗೆ ಹಾಕಿದರೆ ನನ್ನ ಸಂಬಳ ಅಲ್ಲಿಗೇ ಸರಿ.

ನೀವು ಯಾವತ್ತೋ ಹೇಳಿದ್ದು ನೆನಪಿದೆ. ನಿಮ್ಮ ಶಾಲೆಗೆ ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವ್ವ ಹೊಲಕ್ಕೆ ಹೋದರೆ ಮಗು ನೋಡುವವರಿಲ್ಲ, ಮಗು ಬಿಟ್ಟು ಬಾ ಎಂದರೆ ಹುಡುಗಿಯೇ ಬರುವುದಿಲ್ಲ. ಇನ್‌ಸ್ಪೆಕ್ಟರು ಏನಾದರೂ ಅನ್ನಲಿ ಎಂದು ನೀವು ಆ ಕೂಸುಗಳನ್ನು ಹೆಸರು ಹಚ್ಚದೆ ನಿಮ್ಮ ಮೇಜಿನ ಪಕ್ಕ ಕೂಡಿಸಿಕೊಂಡಿರಿ, ಅಕ್ಕಂದಿರು ಓದಿದರು. ಅವರಲ್ಲಿ ಒಬ್ಬಳು ಈಗ ಮುದ್ದೇಬಿಹಾಳದಲ್ಲಿ ನರ್ಸು ಎಂದು ಹೇಳುವಾಗ ನಿಮ್ಮ ಮುಖ ನೋಡಿದ್ದೇನೆ. ಅತ್ತೆ, ಈಗ ಬಾಗಿಲಲ್ಲಿ ನಿಂತವಳು ನಾನು. ಕಂಕುಳಲ್ಲಿ ನಿಧಿ ಇದ್ದಾಳೆ. ನೀವು ಬಂದು ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡರೆ ನಾನು ಒಳಗೆ ಹೋಗುತ್ತೇನೆ. ನಿಮ್ಮ ವೀಸಾ ಇನ್ನೂ ನಡೆಯುತ್ತದೆ, ಆರು ತಿಂಗಳು ಇರಬಹುದು, ಆಮೇಲೆ ಧಾರವಾಡದಿಂದ ನಮ್ಮ ಅವ್ವ ಬರುತ್ತಾಳೆ.

ನೀವು ಗೌರಾಬಾಯಿಯವರ ಹತ್ತಿರ, ನಾನು ತಪ್ಪು ಮಾಡಿದೆ, ಮಗುವಿನ ವರ್ಷ ಕೆಡಿಸಿದೆ ಎಂದು ಅತ್ತಿರೆಂದು ಮಾವನವರು ಹೇಳಿಬಿಟ್ಟರು. ಅವರನ್ನು ಬೈಯಬೇಡಿ. ಕೆಟ್ಟ ವರ್ಷ ಹೇಗಿರುತ್ತದೆ ಎಂದು ನಿಧಿಗೆ ಗೊತ್ತೇ ಇಲ್ಲ. ಅಮ್ಮ ಶಾಲೆಗೆ ಹೋಗ್ತಾಳೆ, ನೀನು ಅಜ್ಜಿ ಹತ್ತಿರ ಕಲೀತೀಯಾ ಎಂದು ಕೇಳಿದೆ. ಅವಳು ತುಂಬ ಯೋಚನೆ ಮಾಡಿ ಕೇಳಿದಳು: "ಓಕೆ. ಬಟ್ ಅಮ್ಮಾ, ಅಜ್ಜಿ ಸ್ಕೂಲ್‌ಗೆ ಕಟ್-ಆಫ್ ಏನು?"

ನನಗೆ ಉತ್ತರ ಗೊತ್ತಿತ್ತು. ಆದರೂ ಅಜ್ಜಿಯನ್ನೇ ಕೇಳಿ ಹೇಳುತ್ತೇನೆ ಎಂದಿದ್ದೇನೆ. ಅವಳು ದಿನವೂ ಕೇಳುತ್ತಾಳೆ. ಒಂದು ಸಲ ಜಳಕದ ಮನೆಯಿಂದ ಹೊರಗೆ ಬಂದು ಫೋನು ಎತ್ತಿ ನೀವೇ ಹೇಳಿ.

ನಿಮ್ಮ ಬಾಗಿಲಲ್ಲಿ ನಿಂತಿರುವ,
ಇಂದು

ತಾ.ಕ.: ಕಾಗದದುದ್ದಕ್ಕೂ ನಿಮ್ಮನ್ನು ಕೇಳುತ್ತಿರುವಂತೆ ಬರೆದೆ. ನಿಜ ಏನೆಂದರೆ ಟಿಕೆಟ್ಟು ಮೊನ್ನೆಯೇ ಆಗಿದೆ, ನಿಮಗೂ ಮಾವನವರಿಗೂ. ಅವರು ನಿಮಗೆ ಹೇಳದೆ ಆಗಲೇ ಪೆಟ್ಟಿಗೆ ಇಳಿಸಿ ಗೌರಾಬಾಯಿಯವರ ಮನೆಯಲ್ಲಿ ಇಟ್ಟಿದ್ದಾರೆ. ಆಗಸ್ಟ್ ಐದು, ಶ್ರಾವಣದ ಮೊದಲ ಸೋಮವಾರ, ಅದಕ್ಕಿಂತ ಒಳ್ಳೆಯ ದಿನ ಬೇಕೆ? ಹೊತ್ತು ಮಾತ್ರ ಬೆಂಗಳೂರಿನಿಂದ ಬೆಳಿಗ್ಗೆ ಎಂಟು. ಗಾಬರಿಯಾಗಬೇಡಿ, ಆಗ ನಮ್ಮಲ್ಲಿ ಇನ್ನೂ ಭಾನುವಾರ ರಾತ್ರಿ, ಇಲ್ಲಿಯ ರಾಹು ಊಟ ಮಾಡಿ ಮಲಗಿರುತ್ತಾನೆ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಹೇಳಿ, ಮಂಗಳವಾರಕ್ಕೆ ಬದಲಿಸಿಕೊಡುತ್ತಾರಂತೆ. ಒಂದು ದಿನದ ಮಾತು ಏನು ದೊಡ್ಡದು?